ಸೂರ್ಯನ ಹಿಂದೆ ಬಿದ್ದ ಕೊಡೆ

ನಮ್ಮ ಬೀದಿಯ ಇಸ್ತ್ರಿಯಕ್ಕನನ್ನು ಹುಡುಕಿಕೊಂಡು ಹೊರಡುವವರು ಮೊದಲು ಆಕಾಶ ನೋಡಬೇಕಿತ್ತು. ಬೆಳಗಿನ ಹೊತ್ತಾದರೆ ಆಕೆಯ ಗಾಡಿ ಮಹಡಿಮನೆಯ ಗೋಡೆಯ ಬುಡದಲ್ಲಿ. ಬಿಸಿಲು ನೆತ್ತಿಗೇರಿದಾಗ ಪ್ರಿಂಟಿಂಗ್ ಪ್ರೆಸ್ಸಿನ ತಗಡಿನ ಸೂರಿನಡಿ. ಆಮೇಲೆ ಎದುರು ಸಾಲಿನ ಗೋದಾಮಿನ ಗೋಡೆಗೆ ಅಂಟಿಕೊಂಡು ಸಂಜೆಯವರೆಗೆ. ಬೀದಿಗೆ ಹೊಸದಾಗಿ ಬಂದವರು ಬಟ್ಟೆ ಕೊಟ್ಟ ಜಾಗಕ್ಕೆ ವಾಪಸು ಬಂದು, ಗಾಡಿ ಕಾಣದೆ, ಅಂಗಿ ಸಮೇತ ಹೆಂಗಸು ಓಡಿಹೋದಳೆಂದು ಗಾಬರಿಯಾಗುತ್ತಿದ್ದರು. ನಾವು ಹಳಬರು ಮಾತ್ರ ನೆರಳು ಯಾವ ಕಡೆಗಿದೆ ಎಂದು ನೋಡಿ ಅತ್ತ ನಡೆಯುತ್ತಿದ್ದೆವು.

ಆಕೆಯ ಗಂಡ ಕೊಡೆಯಣ್ಣ. ಕೊಡೆ ರಿಪೇರಿ ಅವನ ಕಸುಬು. ಅವನ ಕೈಯಿಂದ ಹೊರಬಂದ ಕೊಡೆ ಬಿಚ್ಚಿಕೊಳ್ಳುತ್ತಿತ್ತು, ಇಲ್ಲವೇ ಮುಚ್ಚಿಕೊಳ್ಳುತ್ತಿತ್ತು. ಎರಡನ್ನೂ ಮಾಡುವ ಕೊಡೆ ಅಪರೂಪ. ನಾನೇ ಒಮ್ಮೆ ಬಿಚ್ಚಿದ ಕೊಡೆಯನ್ನು ಮುಚ್ಚಲಾಗದೆ ಬಸ್ಸಿನೊಳಗೆ ಅದನ್ನು ಹಿಡಿದುಕೊಂಡು ನಿಂತು, ಇಡೀ ಬಸ್ಸಿನಿಂದ ಬೈಸಿಕೊಂಡಿದ್ದೇನೆ. ಆದರೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕೊಡೆಯ ಕೆಲಸವಿಲ್ಲದಾಗ ಅವನು ಹೆಂಡತಿಯ ಗಾಡಿ ತಳ್ಳುತ್ತಿದ್ದ, ಕೆಂಡಕ್ಕೆ ಬೀಸಣಿಗೆ ಬೀಸುತ್ತಿದ್ದ, ಬಟ್ಟೆಗೆ ನೀರು ಚಿಮುಕಿಸುತ್ತಾ ತನ್ನ ಮೇಲೆಯೇ ಅರ್ಧ ಚೆಲ್ಲಿಕೊಳ್ಳುತ್ತಿದ್ದ. ಅವನಲ್ಲಿದ್ದ ಒಂದೇ ದೋಷವೆಂದರೆ, ಯಾರಾದರೂ ಏನನ್ನಾದರೂ ಆಗುವುದಿಲ್ಲ ಎಂದ ತಕ್ಷಣ ಅವನ ಬಾಯಿಂದ "ಅದೇನ್ ಮಹಾ" ಎಂಬ ಮಾತು ತಾನಾಗಿ ಹೊರಬೀಳುತ್ತಿತ್ತು.

ಹೀಗಿದ್ದ ಬೀದಿಗೆ ಶಿಸ್ತು ಬಂತು. ಪ್ರತಿ ಗಾಡಿಗೂ ಒಂದು ಜಾಗ, ಜಾಗದ ಸುತ್ತ ಒಂದು ಬಿಳಿ ಚೌಕ, ಚೌಕ ಬಿಟ್ಟು ಗಾಡಿ ಕದಲಕೂಡದು ಎಂದು ನಗರಸಭೆ ತೀರ್ಮಾನಿಸಿತು. ಇನ್‌ಸ್ಪೆಕ್ಟರು ಬೆಳಿಗ್ಗೆಯೇ ಬಂದರು. ಕೆಟ್ಟ ಮನುಷ್ಯರಲ್ಲ. "ಪಾಪ, ಹೆಣ್ಣುಮಗಳು, ನೆರಳಿರೋ ಕಡೆನೇ ಬರೀರಪ್ಪ" ಎಂದು ಬಣ್ಣ ಬಳಿಯುವವರಿಗೆ ಹೇಳಿ, ಮಹಡಿಮನೆಯ ಗೋಡೆಯ ಬುಡದಲ್ಲಿ, ತಣ್ಣನೆಯ ನೆರಳಿನಲ್ಲಿ ಅಚ್ಚುಕಟ್ಟಾದ ಚೌಕ ಬರೆಸಿದರು. ಬಣ್ಣ ಒಣಗುವಷ್ಟರಲ್ಲಿ ನೆರಳು ಚೌಕ ಬಿಟ್ಟು ಹೊರಟುಹೋಗಿತ್ತು. ನೆರಳಿಗೆ ಹೊಸ ನಿಯಮವನ್ನು ಯಾರೂ ತಿಳಿಸಿರಲಿಲ್ಲ.

ಮೇಲೆ ಬಿಸಿಲು, ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ಇಸ್ತ್ರಿಯಕ್ಕ ತಡೆದುಕೊಳ್ಳುವಷ್ಟು ದಿನ ತಡೆದುಕೊಂಡಳು. ಒಂದು ಮಧ್ಯಾಹ್ನ ಕಣ್ಣು ಕತ್ತಲೆಗಟ್ಟಿ ಗಾಡಿಯ ಮೇಲೆಯೇ ಕುಸಿದಳು. ಆಗ ಆಕೆಯ ಕೈಕೆಳಗಿದ್ದದ್ದು ನನ್ನ ಅಂಗಿ. ಅದರ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು ಈಗಲೂ ಇದೆ. ಅದನ್ನು ಎಸೆಯಲು ನನಗೆ ಮನಸ್ಸು ಬಂದಿಲ್ಲ. ಎಚ್ಚರವಾದ ಕೂಡಲೇ ಆಕೆ ಕೇಳಿದ್ದು, "ಅಂಗಿ ಯಾರದ್ದು?" ಎಂದು.

ಡಾಕ್ಟರಮ್ಮ ನೇರವಾಗಿ ಹೇಳಿದರು. "ಹೀಗೇ ಬಿಸಿಲಲ್ಲಿ ನಿಂತ್ರೆ, ಇನ್ನೊಂದು ಸಲ ಬಿದ್ದಾಗ ಎದ್ದೇಳ್ತೀರಿ ಅಂತ ನಾನು ಹೇಳೋದಿಲ್ಲ. ನೆರಳಿಲ್ಲ ಅಂದ್ರೆ ಗಾಡಿ ಬಿಟ್ಟುಬಿಡಿ."

ಆ ಗಾಡಿ ಇಸ್ತ್ರಿಯಕ್ಕನಿಗೆ ತಾಯಿಯಿಂದ ಬಂದದ್ದು. ಮಗುವಾಗಿದ್ದಾಗ ಆಕೆ ನಿದ್ದೆ ಮಾಡಿದ್ದೇ ಅದರ ಅಡಿಹಲಗೆಯ ಮೇಲೆ. ಆಕೆ ಮಾತಾಡದಿದ್ದುದನ್ನು ನೋಡಿ ಕೊಡೆಯಣ್ಣನಿಗೆ ಭಯವಾಯಿತು. ಬೈದಿದ್ದರೆ ಅವನು ಧೈರ್ಯವಾಗಿರುತ್ತಿದ್ದ.

ಮಾರನೆಯ ದಿನ ಅವನು ನಗರಸಭೆಗೆ ಹೋದ.

"ಸಾರ್, ಮಧ್ಯಾಹ್ನದ ಮೇಲೆ ಗಾಡಿನ ಎದುರು ಸಾಲಿಗೆ ತಳ್ಕೋತೀವಿ. ನೆರಳು ಅಲ್ಲಿಗೆ ಹೋಗುತ್ತೆ."

"ನೆರಳು ಎಲ್ಲಿಗಾದ್ರೂ ಹೋಗ್ಲಿ ಕಣಯ್ಯ. ಗಾಡಿ ಹೋಗೋ ಹಾಗಿಲ್ಲ," ಎಂದರು ಇನ್‌ಸ್ಪೆಕ್ಟರು. "ನಾಲ್ಕು ಕಂಬ ನೆಟ್ಟು ಚಪ್ಪರ ಹಾಕೋ ಹಾಗೂ ಇಲ್ಲ. ನಿಮಗೆ ಆಗಲ್ಲ ಅಂದ್ರೆ ಹೇಳು, ಆ ಚೌಕಕ್ಕೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ."

ಆಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೊಡೆಯಣ್ಣನ ಬಾಯಿ ತನ್ನ ಕೆಲಸ ಮಾಡಿತು. "ಅದೇನ್ ಮಹಾ ಸಾರ್! ಗಾಡಿ ನೆರಳಿನ ಹಿಂದೆ ಹೋಗಬಾರದು, ಅಷ್ಟೇ ತಾನೆ? ನೆರಳೇ ಗಾಡಿ ಹಿಂದೆ ಬರೋ ಹಾಗೆ ಮಾಡ್ತೀನಿ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. "ಮಾಡು. ಮುಂದಿನ ವಾರ ನಾನೇ ಬಂದು ನೋಡ್ತೀನಿ. ಆಕೆ ನೆರಳಲ್ಲಿ ನಿಂತಿದ್ರೆ ಜಾಗ ನಿಮ್ಮದು. ಬಿಸಿಲಲ್ಲಿ ನಿಂತಿದ್ರೆ, ಇನ್ನೊಂದು ಸಲ ಬೀಳೋದನ್ನ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ. ಬೇರೆಯವರಿಗೆ ಕೊಟ್ಟುಬಿಡ್ತೀನಿ."

ಕೊಡೆಯಣ್ಣ ಮೊದಲು ಒಂದು ದೊಡ್ಡ ಕೊಡೆ ಹೊಲಿದ. ರಿಪೇರಿಗೆ ಕೊಟ್ಟು ಮರೆತವರ ಕೊಡೆಗಳ ಬಟ್ಟೆಯನ್ನೆಲ್ಲ ಜೋಡಿಸಿದ್ದ. ಅದನ್ನು ಬಿಚ್ಚಿದ ದಿನ ಬೀದಿಯಲ್ಲಿ ದೊಡ್ಡ ಗಲಾಟೆ. "ಈ ಹೂವಿನ ತುಂಡು ನಮ್ಮತ್ತೆ ಕೊಡೆದು!" "ಈ ಅಂಚು ನಂದು, ಹೋದ ಮಳೆಗಾಲದಿಂದ ಕೇಳ್ತಾ ಇದೀನಿ!" ಎಲ್ಲರೂ ತಮ್ಮ ತಮ್ಮ ತುಂಡನ್ನು ಗುರುತಿಸಿದರು, ಬೈದರು, ಇಸ್ತ್ರಿಯಕ್ಕನ ಮುಖ ನೋಡಿ ಸುಮ್ಮನಾದರು.

ಕೊಡೆ ಚೆನ್ನಾಗಿತ್ತು. ಆದರೆ ಸೂರ್ಯ ಇಳಿದಂತೆ ಅದನ್ನು ಓರೆ ಮಾಡಿ ತಿರುಗಿಸುತ್ತಾ ಇರಬೇಕಿತ್ತು. ಆ ಜವಾಬ್ದಾರಿಯನ್ನು ಕೊಡೆಯಣ್ಣನೇ ಹೊತ್ತ. ಊಟವಾದ ಮೇಲೆ ಕೊಡೆಯ ಕೋಲಿಗೆ ಒರಗಿ ನಿಂತವನಿಗೆ ಹಾಗೆಯೇ ಜೊಂಪು ಹತ್ತಿತು. ನಾನು ನೋಡಿದಾಗ ಹೆಂಡತಿ ಉರಿಬಿಸಿಲಿನಲ್ಲಿ ಪ್ಯಾಂಟಿನ ಗೆರೆ ತೀಡುತ್ತಿದ್ದಳು, ಗಂಡ ತಣ್ಣನೆಯ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಹೋದರೆ ಆಕೆಯೇ ಬೇಡವೆಂದು ಕೈಸನ್ನೆ ಮಾಡಿದಳು. "ರಾತ್ರಿಯೆಲ್ಲಾ ಕೊಡೆ ಹೊಲಿದಿದ್ದಾರೆ, ಮಲಗ್ಲಿ ಬಿಡಿ" ಎಂದಳು.

ಆಗ ರಂಗಕ್ಕೆ ಬಂದವನು ಇಸ್ತ್ರಿಯಕ್ಕನ ತಮ್ಮ. ಸೌರವಿದ್ಯುತ್ತಿನ ಫಲಕಗಳನ್ನು ಕೂರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ಊರಾಚೆಯ ಬಯಲಿನಲ್ಲಿ ಸೂರ್ಯನ ಕಡೆಗೇ ಮುಖ ಮಾಡಿ ದಿನವಿಡೀ ತಿರುಗುವ ಫಲಕಗಳಿದ್ದವು. ಅಲ್ಲಿ ಮೂಲೆಗೆ ಎಸೆದಿದ್ದ ಹಳೆಯದೊಂದು ತಿರುಗುವ ತೋಳು, ಅದರ ಮೋಟಾರು, ಅಂಗೈ ಅಗಲದ ಫಲಕ, ಅಂಗಿಯ ಗುಂಡಿಯಷ್ಟಗಲದ ಒಂದು ಗಾಜಿನ ಕಣ್ಣು, ಇಷ್ಟನ್ನು ಸಾಹೇಬರನ್ನು ಕೇಳಿಯೇ ಚೀಲದಲ್ಲಿ ತುಂಬಿಕೊಂಡು ಬಂದ.

"ಭಾವ, ಈ ಕಣ್ಣಿದೆಯಲ್ಲ, ಎಲ್ಲಿ ಬೆಳಕು ಜಾಸ್ತಿ ಇದೆಯೋ ಆ ಕಡೆ ತೋಳನ್ನ ತಿರುಗಿಸುತ್ತೆ. ತೋಳನ್ನ ಗಾಡಿ ಪಕ್ಕ ನಿಲ್ಲಿಸಿ, ಅದಕ್ಕೆ ನಿಮ್ಮ ಕೊಡೆ ಕಟ್ಟಿಬಿಡಿ. ಸೂರ್ಯ ಎಲ್ಲೋ ಕೊಡೆ ಅಲ್ಲಿ. ಅಕ್ಕ ಆರಾಮ."

"ಅದೇನ್ ಮಹಾ," ಎಂದ ಕೊಡೆಯಣ್ಣ. ಮೂರು ಸಲ ಉಲ್ಟಾ ಕಟ್ಟಿದ. ನಾಲ್ಕನೆಯ ಸಲ ಭಾವಮೈದುನ ಕಟ್ಟಿದ.

ಯಂತ್ರ ಶುರುವಾದ ಬೆಳಿಗ್ಗೆ ಬೀದಿಗೆ ಬೀದಿಯೇ ಸೇರಿತ್ತು. ಕೊಡೆ ಗರಗರನೆ ಸುತ್ತುತ್ತದೆಂದು ಕೆಲವರು ದೂರ ನಿಂತಿದ್ದರು. ಅದು ಸೂರ್ಯನಷ್ಟೇ ನಿಧಾನವಾಗಿ ತಿರುಗುವ ಪದಾರ್ಥ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು ನಿಂತ.

"ತಿರುಗ್ತು!" ಎಂದ.

"ಎಲ್ಲಿ? ಏನೂ ಇಲ್ಲ," ಎಂದ ಅರ್ಧ ಗಡ್ಡದವನು.

"ಈಗ ತಾನೆ ಆ ಹೂವಿನ ತುಂಡು ದೀಪದ ಕಂಬದ ಈಚೆ ಇತ್ತು!"

"ನೀನು ನಿಂತ ಜಾಗ ಬದಲಾಯಿಸಿದೆ. ನಡಿ, ಸೋಪು ಒಣಗ್ತಾ ಇದೆ."

ವಾದ ಮಾಡುತ್ತಾ ಮಾಡುತ್ತಾ ಬಿಸಿಲು ಏರಿತು. ಎಲ್ಲರ ತಲೆಯ ಮೇಲೂ ಬಿಸಿಲು, ಇಸ್ತ್ರಿಯಕ್ಕನ ತಲೆಯ ಮೇಲೆ ಮಾತ್ರ ನೆರಳು. ಆಗ ಎಲ್ಲರಿಗೂ ನಂಬಿಕೆ ಬಂತು. ಕೊಡೆಯಣ್ಣ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಸೂರ್ಯನನ್ನು ತಾನೇ ಕೆಲಸಕ್ಕೆ ಇಟ್ಟುಕೊಂಡವನ ಹಾಗೆ ಅತ್ತಿಂದಿತ್ತ ಓಡಾಡಿದ.

ಈ ಜಂಭ ಮಧ್ಯಾಹ್ನದವರೆಗೆ ಬಾಳಿತು. ಸೂರ್ಯ ಗೋದಾಮಿನ ಕಡೆಗೆ ವಾಲಿದಾಗ ಕೊಡೆಯೂ ವಾಲಬೇಕಿತ್ತು. ವಾಲಲಿಲ್ಲ. ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ರಸ್ತೆಗೆ ಬೆನ್ನು ಹಾಕಿ, ಹಿಂದೆ ತಿರುಗಿ, ಮಹಡಿಮನೆಯ ಮೇಲಿನ ಕಿಟಕಿಯತ್ತ ಕತ್ತೆತ್ತಿ ನೋಡತೊಡಗಿತು. ಬಿಸಿಲು ಇಸ್ತ್ರಿಯಕ್ಕನ ಮುಖಕ್ಕೆ ಹೊಡೆಯಿತು.

ಮಹಡಿಯಲ್ಲಿದ್ದವರು ಮಹಡಿಯಮ್ಮ. ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನಿವೃತ್ತಿಯಾದ ಸುದ್ದಿಯನ್ನು ಇನ್ನೂ ಪೂರ್ತಿ ಒಪ್ಪಿಕೊಂಡಿರಲಿಲ್ಲ. ಅವರು ಕಿಟಕಿಗೆ ಹೊಸದಾಗಿ ಕನ್ನಡಿಯಂಥ ಗಾಜು ಹಾಕಿಸಿದ್ದರು. ಒಳಗಿನವರಿಗೆ ಬೀದಿಯೆಲ್ಲ ಕಾಣುತ್ತಿತ್ತು, ಬೀದಿಯವರಿಗೆ ಒಳಗೇನೂ ಕಾಣುತ್ತಿರಲಿಲ್ಲ. ಎಲ್ಲರನ್ನೂ ತಾವು ನೋಡಬಹುದು, ತಮ್ಮನ್ನು ಯಾರೂ ನೋಡಲಾಗದು ಎಂಬ ನೆಮ್ಮದಿಯಲ್ಲಿ ಕುಳಿತಿದ್ದವರಿಗೆ, ಗಾಜಿನ ಕಣ್ಣಿನ ಕೊಡೆಯೊಂದು ಸೀದಾ ತಮ್ಮತ್ತಲೇ ತಿರುಗಿ ನಿಂತದ್ದು ಕಂಡಿತು. ಅವರು ಮೆಟ್ಟಿಲಿಳಿದು ಬಂದರು.

"ಏನಯ್ಯ ಇದು? ನಿನ್ನ ಕೊಡೆ ನನ್ನನ್ನೇ ನೋಡ್ತಾ ಇದೆ!"

ಕೊಡೆಯಣ್ಣ ಭಾವಮೈದುನನಿಗೆ ಫೋನು ಮಾಡಿದ. ಕೇಳಿಸಿಕೊಂಡ. ಫೋನು ಕೆಳಗಿಟ್ಟು, ತನಗೆ ಅರ್ಥವಾದಷ್ಟನ್ನು ಬಹಳ ಗೌರವದಿಂದ ಹೇಳಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ಅದು ನಿಮ್ಮನ್ನ ಸೂರ್ಯ ಅಂದ್ಕೊಂಡಿದೆ."

ಮಹಡಿಯಮ್ಮನ ಮುಖ ಕೆಂಪಾಯಿತು. ಅದು ಕೋಪದಿಂದಲೋ ಬೇರೆ ಯಾವುದರಿಂದಲೋ ಎಂಬ ಬಗ್ಗೆ ಕ್ಷೌರದಂಗಡಿಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಅವರು ಮೆಟ್ಟಿಲು ಹತ್ತಿ ಹೋದರು. ಇಸ್ತ್ರಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಟಪ್ಪನೆ ನಿಲ್ಲಿಸಿದಳು.

"ಮದುವೆಯಾದಾಗಿಂದ ನನಗೆ ಒಂದು ದಿನಾನಾದ್ರೂ ಹಾಗೆ ಅಂದಿದೀರೇನ್ರೀ?"

"ನಾನೆಲ್ಲಿ ಅಂದೆ? ಕೊಡೆ ಅಂದ್ಕೊಂಡಿದ್ದು!"

"ಕೊಡೆ ಹೊಲಿದವರು ಯಾರು?"

ಸಂಜೆಯೊಳಗೆ ಸುದ್ದಿಗೆ ಕೈಕಾಲು ಬಂದವು. ಬೀದಿಯ ಆ ತುದಿಯಲ್ಲಿ, ಕೊಡೆಯಣ್ಣ ಮಹಡಿಯಮ್ಮನನ್ನು ಸೂರ್ಯನಿಗೆ ಹೋಲಿಸಿದನಂತೆ ಎಂದಾಯಿತು. ಇಸ್ತ್ರಿಯಕ್ಕನ ದೊಡ್ಡಕ್ಕ ಬಸ್ಸು ಹಿಡಿದು ಬಂದು, ತಂಗಿಯ ಸಂಸಾರ ಹಾಳಾಯಿತೆಂದು ಬಾಗಿಲಲ್ಲೇ ಮೂಗು ಸೀಟಿದರು. ಮಹಡಿಯಮ್ಮನ ಯಜಮಾನರು, ಮನೆಯಲ್ಲಿ ಮಾತಾಡುವ ಅಭ್ಯಾಸ ತಪ್ಪಿಹೋಗಿದ್ದ ಸಾಧು, ಮೆಲ್ಲನೆ ಕೆಳಗಿಳಿದು ಬಂದು ಕೊಡೆಯಣ್ಣನ ಹೆಗಲ ಮೇಲೆ ಕೈಯಿಟ್ಟರು.

"ನನಗೆ ಕೋಪ ಇಲ್ಲಪ್ಪ. ಆದ್ರೆ ನೀನು ಹಾಗೆ ಹೇಳಿದ ಮೇಲೆ ನಾನು ಏನು ಹೇಳಿದ್ರೂ ಸಪ್ಪೆ ಅನ್ನಿಸ್ತಾ ಇದೆ. ಮುಂದೆ ಸ್ವಲ್ಪ ನೋಡ್ಕೊಂಡು ಮಾತಾಡು."

ಭಾವಮೈದುನ ಬಂದು ತಲೆ ಕೆರೆದುಕೊಂಡ. "ಬಯಲಲ್ಲಿ ಈ ತಾಪತ್ರಯ ಇಲ್ಲ ಭಾವ. ಅಲ್ಲಿ ಇರೋದು ಒಂದೇ ಸೂರ್ಯ. ಇಲ್ಲಿ ಕಿಟಕಿಲೊಂದು, ಸ್ಕೂಟರ್ ಕನ್ನಡಿಲೊಂದು, ಸಲೂನಲ್ಲೊಂದು. ಇದು ಹತ್ತಿರದ್ದನ್ನ ಹಿಡ್ಕೊಂಡುಬಿಡುತ್ತೆ. ಬೀದಿಗೆ ಇದು ಆಗಲ್ಲ."

ಆಗಲ್ಲ ಎಂದರೂ ಕೊಡೆಯಣ್ಣ ಈ ಸಲ "ಅದೇನ್ ಮಹಾ" ಎನ್ನಲಿಲ್ಲ. ಗಾಡಿಯ ಹಿಡಿಯನ್ನು ಸುಮ್ಮನೆ ಸವರುತ್ತಾ ನಿಂತ. ಅವನನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು, ಮತ್ತೆ ನೋಡುವುದೂ ಬೇಡ.

ಇತ್ತ ಮಹಡಿಯಮ್ಮ ಇನ್‌ಸ್ಪೆಕ್ಟರಿಗೆ ಫೋನು ಮಾಡಿ, ತಮ್ಮ ಮೇಲೆ ಕಣ್ಣಿಟ್ಟಿರುವ ಕೊಡೆಯನ್ನು ಕೂಡಲೇ ಕೀಳಿಸಬೇಕೆಂದು ದೂರು ಕೊಟ್ಟಾಗಿತ್ತು. ಅಷ್ಟಕ್ಕೆ ಸಮಾಧಾನವಾಗದೆ, ಮಾರನೆಯ ಮಧ್ಯಾಹ್ನ ಮಂಚದ ಮೇಲಿನ ದಪ್ಪ ಹೊದಿಕೆಯನ್ನು ಕಿಟಕಿಯ ಹೊರಗಡೆಗೆ ನೇತುಹಾಕಿದರು. "ಈಗ ನೋಡು, ಏನು ನೋಡ್ತೀಯೋ" ಎಂದು ಸಂದಿನಿಂದ ಇಣುಕಿದರು.

ಕೊಡೆ ನಿಧಾನವಾಗಿ ಕತ್ತು ಇಳಿಸಿತು. ಹಾಗೆಯೇ ಅತ್ತ ತಿರುಗಿಹೋಯಿತು.

ಮಹಡಿಯಮ್ಮನಿಗೆ ಅವಮಾನವಾಯಿತು. "ಅಲ್ಲಾ, ಇಷ್ಟು ಬೇಗ ಮುಖ ತಿರುಗಿಸ್ಕೊಂಡುಬಿಡ್ತಲ್ಲ!" ಎಂದು ಯಜಮಾನರ ಹತ್ತಿರ ಹೇಳಿಕೊಂಡರು. ಪರೀಕ್ಷೆ ಮಾಡೋಣವೆಂದು ಹೊದಿಕೆ ಎತ್ತಿದರು. ಕೊಡೆ ಮತ್ತೆ ಬಂತು. ಇಳಿಬಿಟ್ಟರು. ಹೋಯಿತು. ಹೀಗೆ ಎತ್ತುವುದು ಇಳಿಸುವುದು ಮಾಡುತ್ತಾ, ಒಮ್ಮೆ ಅವರ ಕಣ್ಣು ಕೊಡೆಯನ್ನು ಬಿಟ್ಟು ಕೆಳಗೆ ಹೋಯಿತು.

ಹೊದಿಕೆ ಎತ್ತಿದಾಗ ಬಿಸಿಲು ಇಸ್ತ್ರಿಯಕ್ಕನ ಮುಖದ ಮೇಲೆ. ಆಕೆ ಕಣ್ಣು ಕಿರಿದು ಮಾಡಿ, ತೋಳಿನಿಂದ ಹಣೆ ಒರೆಸಿಕೊಂಡು, ಗಾಡಿಯ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು. ಹೊದಿಕೆ ಇಳಿದಾಗ ನೆರಳು ಮೆಲ್ಲಗೆ ವಾಪಸು ಬಂದು ಆಕೆಯ ತಲೆಯನ್ನು ಮುಟ್ಟುತ್ತಿತ್ತು, ಆಮೇಲೆ ಹೆಗಲನ್ನು. ಆಗ ಆಕೆ ಒಂದು ಉಸಿರು ಬಿಟ್ಟು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತುತ್ತಿದ್ದಳು. ಗಾಡಿಯ ಮೇಲಿದ್ದದ್ದು ಮಹಡಿಯಮ್ಮನದೇ ಬಟ್ಟೆ.

ಮಹಡಿಯಮ್ಮ ಹೊದಿಕೆಯ ಎರಡು ತುದಿಯನ್ನೂ ಸರಳಿಗೆ ಬಿಗಿಯಾಗಿ ಗಂಟು ಹಾಕಿದರು. ಬೀದಿ ನೋಡುವುದು ಅವರಿಗಿದ್ದ ಒಂದೇ ಮನರಂಜನೆ. ಅದನ್ನು ಆ ದಿನ ಅವರೇ ಮುಚ್ಚಿಬಿಟ್ಟರು, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅದಕ್ಕೆ ಇಲ್ಲಿ ನಾನು ಹೇಳುತ್ತಿದ್ದೇನೆ.

ಆದರೆ ಕೊಟ್ಟ ದೂರು ಕೊಟ್ಟಾಗಿತ್ತು. ಇನ್‌ಸ್ಪೆಕ್ಟರು ಬಂದರು, ಅದೂ ಬಿಸಿಲು ಗೋದಾಮಿನ ಮೇಲಿನಿಂದ ನೇರವಾಗಿ ಚೌಕಕ್ಕೆ ಹೊಡೆಯುವ ಹೊತ್ತಿಗೆ. ಬೀದಿಯವರೆಲ್ಲ ಸೇರಿದರು. ಇಸ್ತ್ರಿಯಕ್ಕ ನೆರಳಿನಲ್ಲಿ ನಿಂತು ತಲೆ ತಗ್ಗಿಸಿ ಕಾಲರು ತೀಡುತ್ತಿದ್ದಳು. ಕೊಡೆಯಣ್ಣ ಕೊಡೆಯನ್ನೇ ನೋಡುತ್ತಿದ್ದ. ಇನ್‌ಸ್ಪೆಕ್ಟರು "ಹೂಂ, ಪರವಾಗಿಲ್ವೇ" ಎನ್ನುವಷ್ಟರಲ್ಲಿ ಕೊಡೆ ಮಿಸುಕಿತು. ಪಕ್ಕಕ್ಕೆ ತಿರುಗತೊಡಗಿತು. ಕ್ಷೌರದಂಗಡಿಯವನು ನೋಡುವ ಆತುರದಲ್ಲಿ ಬಾಗಿಲನ್ನು ಪೂರ್ತಿ ತೆರೆದು ಬಂದಿದ್ದ, ಒಳಗಿನ ನಿಲುವುಗನ್ನಡಿ ಧಗಧಗ ಹೊಳೆಯುತ್ತಿತ್ತು.

"ಕನ್ನಡಿ ಮುಚ್ಚೋ!" ಎಂಬ ಕೂಗು ಮಹಡಿಯ ಹೊದಿಕೆಯ ಹಿಂದಿನಿಂದ ಬಂತು. ಒಂದು ಶಾಲೆಯನ್ನೇ ಅಂಕೆಯಲ್ಲಿಟ್ಟಿದ್ದ ಕಂಠ ಅದು.

ಕ್ಷೌರದಂಗಡಿಯವನು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡಿದ. ಕೈಗೆ ಸಿಕ್ಕಿದ್ದು ಗಾಡಿಯ ಮೇಲೆ ಮಡಿಸಿಟ್ಟಿದ್ದ ಮಂಚದ ಬಟ್ಟೆ. ಕನ್ನಡಿ ಮುಚ್ಚಿದರೆ ಕೊಡೆ ಸ್ಕೂಟರಿನತ್ತ ಹೋಯಿತು.

"ಸ್ಕೂಟರ್! ಆ ಮೂಲೇದು! ಅದರ ಪಕ್ಕದ್ದು!" ಮಹಡಿಯಮ್ಮ ಹೊದಿಕೆಯ ಸಂದಿನಿಂದ ಇಣುಕಿ ಆಜ್ಞೆ ಮಾಡುತ್ತಲೇ ಇದ್ದರು. ನಾವೆಲ್ಲ ಗಾಡಿಗೆ ನುಗ್ಗಿದೆವು. ಗರಿಗರಿಯಾದ ಅಂಗಿಗಳು ಸ್ಕೂಟರಿನ ಕನ್ನಡಿಗಳಿಗೆ ತೊಡಿಸಲ್ಪಟ್ಟವು. ಯಾರದೋ ಹೊಸ ಕೋಟು ಪ್ರೆಸ್ಸಿನ ಗಾಜಿನ ಬಾಗಿಲಿಗೆ. ಮಹಡಿಯಮ್ಮನ ಯಜಮಾನರು ತಮ್ಮ ಪ್ಯಾಂಟನ್ನು ತಾವೇ ತೆಗೆದುಕೊಂಡು ಹೋಗಿ ಹಾಲಿನ ಕ್ಯಾನಿಗೆ ಸುತ್ತಿದರು.

"ಅಯ್ಯೋ, ಇಸ್ತ್ರಿ ಆಗಿರೋದು ಕಣ್ರೀ! ಬೆಳಿಗ್ಗೆಯಿಂದ ಮಾಡಿರೋದು!" ಎಂದು ಇಸ್ತ್ರಿಯಕ್ಕ ಕೂಗಿಕೊಂಡಳು.

"ಸುಮ್ನಿರಕ್ಕ, ನಾಳೆ ಮತ್ತೆ ಕೊಡ್ತೀವಿ!"

ಬೀದಿಯಲ್ಲಿ ಹೊಳೆಯುವ ವಸ್ತು ಎಂಬುದೇ ಇಲ್ಲವಾಯಿತು. ಆದರೂ ಕೊಡೆ ಸೂರ್ಯನತ್ತ ಹೋಗಲೊಲ್ಲದು. ಅದು ಇನ್‌ಸ್ಪೆಕ್ಟರ ಎದುರಿಗೇ ಬಂದು ನಿಂತಿತ್ತು. ಅವರ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ, ದಿನಾ ಬೆಳಿಗ್ಗೆ ತಿಕ್ಕಿ ತಿಕ್ಕಿ ಬೆಳಗಿಸಿದ್ದು, ಬಿಸಿಲಿಗೆ ಬೆಂಕಿಯ ಹಾಗೆ ಉರಿಯುತ್ತಿತ್ತು. ಇಸ್ತ್ರಿಯಕ್ಕನ ಅರ್ಧ ಮುಖದ ಮೇಲೆ ಬಿಸಿಲು ಬಿದ್ದಿತ್ತು. ನಗರಸಭೆಯ ಬಿಲ್ಲೆಗೆ ಬಟ್ಟೆ ಹೊದಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇಸ್ತ್ರಿಯಕ್ಕ ಇನ್‌ಸ್ಪೆಕ್ಟರನ್ನು ನೋಡಿದಳು. ಅವರ ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತ್ತು. ಬೀದಿ ಬೀದಿ ಅಲೆದು ಚೌಕ ಕಾಯುವವರಿಗೆ ಯಾರು ತಾನೆ ನೆರಳು ಕೊಡುತ್ತಾರೆ?

"ಸಾರ್, ಎಷ್ಟು ಹೊತ್ತು ಅಂತ ಬಿಸಿಲಲ್ಲಿ ನಿಂತಿರ್ತೀರಿ?" ಎಂದಳು ಆಕೆ. "ಬನ್ನಿ, ಒಳಗೆ ಬನ್ನಿ."

ಅವರು ಅನುಮಾನದಿಂದ ಚೌಕದೊಳಕ್ಕೆ ಒಂದು ಹೆಜ್ಜೆಯಿಟ್ಟರು, ಇನ್ನೊಂದಿಟ್ಟರು. ಬಿಲ್ಲೆ ಮಂಕಾಯಿತು. ಕೊಡೆ ಮೆಲ್ಲನೆ ಹಿಂತಿರುಗಿ, ಗೋದಾಮಿನ ಮೇಲಿನ ಸೂರ್ಯನಿಗೆ ಅಡ್ಡ ನಿಂತಿತು. ನೆರಳು ಇಬ್ಬರ ಮೇಲೂ ಬಂತು. ಇನ್‌ಸ್ಪೆಕ್ಟರು ಟೋಪಿ ತೆಗೆದರು. ಇಸ್ತ್ರಿಯಕ್ಕ ಕೊಟ್ಟ ನೀರನ್ನು ಕುಡಿದರು. ನೆಲದ ಮೇಲಿನ ಬಿಳಿ ಗೆರೆಯನ್ನೇ ನೋಡಿದರು.

"ಇದನ್ನ ನಾನು ಬೆಳಿಗ್ಗೆ ಬರೆಸಿದ್ದೆ," ಎಂದರು. "ಬೆಳಿಗ್ಗೆ ಇಲ್ಲಿ ಎಷ್ಟು ತಂಪಿತ್ತು!" ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳಿಸುವ ಹಾಗೆ, "ಆಕೆ ನೆರಳಲ್ಲಿದ್ದಾಳೆ. ಜಾಗ ಆಕೆದೇ," ಎಂದರು. ಬಿಲ್ಲೆಯನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೊರಟರು.

ನಾವು ಮುದುರಿದ ಬಟ್ಟೆಗಳನ್ನು ನಾಚಿಕೆಯಿಂದ ಒಂದೊಂದಾಗಿ ತಂದು ಗಾಡಿಯ ಮೇಲೆ ರಾಶಿ ಹಾಕಿದೆವು. ಇಸ್ತ್ರಿಯಕ್ಕ ಬೈಯುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಮತ್ತೆ ಕೆಂಡ ಊದಿದಳು. ಕೊಡೆಯಣ್ಣ ಚೌಕದ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತು ಮೋಟಾರಿನ ಧೂಳು ಒರೆಸುತ್ತಿದ್ದ. ಅವನು ಹೊಲಿದ ಕೊಡೆಯ ನೆರಳು ಗಾಡಿಗೂ ಆಕೆಗೂ ಸರಿಹೋಗುವಷ್ಟೇ ಇತ್ತು. ಅವನ ಬೆನ್ನು ಪೂರ್ತಿ ಬಿಸಿಲಿನಲ್ಲಿತ್ತು. ಅದು ಅವನ ಗಮನಕ್ಕೇ ಬಂದಿರಲಿಲ್ಲ.

"ರೀ, ಒಳಗೆ ಬನ್ನಿ," ಎಂದಳು ಇಸ್ತ್ರಿಯಕ್ಕ.

"ಜಾಗ ಎಲ್ಲಿದೆ?"

"ಗಾಡಿ ಒಂದು ಗೇಣು ಆಚೆಗೆ ತಳ್ತೀನಿ."

"ಗೆರೆ ದಾಟುತ್ತೆ ಕಣೇ! ಈಗ ತಾನೆ ಹೋಗಿದ್ದಾರೆ, ತಿರುಗಿ ನೋಡಿದ್ರೆ?"

ಆಕೆ ಆಗಲೇ ತಳ್ಳಿಯಾಗಿತ್ತು. ಮುಂದಿನ ಚಕ್ರ ಬಿಳಿ ಗೆರೆಯನ್ನು ದಾಟಿ ರಸ್ತೆಗೆ ಇಳಿಯಿತು. ಕೊಡೆಯಣ್ಣ ಕೆಂಡದ ಬಟ್ಟಲಿನ ಪಕ್ಕದಲ್ಲಿ, ಹೆಂಡತಿಯ ಮೊಣಕೈ ತಗಲುವಷ್ಟು ಹತ್ತಿರದಲ್ಲಿ ಮುದುರಿಕೊಂಡು ನೆರಳಿನೊಳಗೆ ಸೇರಿಕೊಂಡ. ಬೀದಿಯ ತಿರುವಿನಲ್ಲಿ ಇನ್‌ಸ್ಪೆಕ್ಟರು ತಿರುಗಿ ನೋಡಿದ್ದೂ ನಿಜ. ಚಕ್ರವನ್ನು ನೋಡಿದರು, ಗೆರೆಯನ್ನು ನೋಡಿದರು, ಅವರಿಬ್ಬರನ್ನೂ ನೋಡಿದರು. ಆಮೇಲೆ ಟೋಪಿಯನ್ನು ಕಣ್ಣಿಗೆ ಅಡ್ಡವಾಗಿ ಎಳೆದುಕೊಂಡು ತಮ್ಮ ದಾರಿ ಹಿಡಿದರು.